ಮನೆ ಬೀಜದ ಹಕ್ಕು ಎಲ್ಲಿಂದ ಬಂತು? ಡಂಕೆಲ್ ಕರಡಿನಿಂದ ಇವತ್ತಿನವರೆಗೆ



ಈ ಸಲ ಬಿತ್ತನೆಗೆ ಮುಂಚೆ ನಾಲ್ಕೈದು ಜನ ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ. "ಮನೇಲಿ ಇಟ್ಟ ಬೀಜ ಪಕ್ಕದ ಊರಿನೋರಿಗೆ ಕೊಟ್ಟರೆ ಕಂಪನಿಯೋರು ಕೇಸು ಹಾಕ್ತಾರಂತೆ, ಡಬ್ಲ್ಯುಟಿಒ ಕಾನೂನು ಹಂಗಿದೆಯಂತೆ, ನಿಜವೇ?" ವಾಟ್ಸಾಪಿನಲ್ಲೂ ಇಂಥದ್ದು ಓಡಾಡ್ತಾ ಇದೆ.

ಮೊದಲು ನೇರ ಉತ್ತರ ಹೇಳಿಬಿಡ್ತೀನಿ. ನಮ್ಮ ದೇಶದಲ್ಲಿ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಅಂತ ಒಂದಿದೆ. ಅದರ 39ನೇ ಕಲಮಿನ ಪ್ರಕಾರ ರೈತ ತನ್ನ ಬೆಳೆಯನ್ನ, ಬೀಜವನ್ನೂ ಸೇರಿಸಿ, ಇಟ್ಟುಕೊಳ್ಳಬಹುದು, ಬಿತ್ತಬಹುದು, ಮರುಬಿತ್ತನೆ ಮಾಡಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಕಂಪನಿ ಹೆಸರಲ್ಲಿ ನೋಂದಣಿಯಾದ ತಳಿಯಾದರೂ ಸರಿ. ಒಂದೇ ಷರತ್ತು: ಚೀಲಕ್ಕೆ ತುಂಬಿ, ಇದು ಇಂಥ ನೋಂದಾಯಿತ ತಳಿ ಅಂತ ಲೇಬಲ್ ಅಂಟಿಸಿ ಬ್ರಾಂಡ್ ಬೀಜದ ಹಾಗೆ ಮಾರಬಾರದು.

ಹಾಗಾದರೆ ಡಬ್ಲ್ಯುಟಿಒ ಮಾತು ಸುಳ್ಳಾ? ಪೂರ್ತಿ ಸುಳ್ಳೂ ಅಲ್ಲ. ಈ ಕಾಯ್ದೆ ಹುಟ್ಟಿದ್ದೇ ಡಬ್ಲ್ಯುಟಿಒ ಒಪ್ಪಂದದ ಒತ್ತಡದಿಂದ. ಆದರೆ ಅದರೊಳಗೆ ರೈತರ ಹಕ್ಕು ಬಂದದ್ದು ನಮ್ಮವರ ಹೋರಾಟದಿಂದ. ಎಲ್ಲೋ ಜಿನೀವಾದಲ್ಲಿ ಕೂತು ಮಾಡಿದ ಒಪ್ಪಂದ ನಮ್ಮ ಕಣಜದವರೆಗೆ ಹೇಗೆ ಬರುತ್ತೆ ಅನ್ನೋದು ಗೊತ್ತಿದ್ದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ನಾವೇ ತೀರ್ಮಾನ ಮಾಡಬಹುದು. ಅದಕ್ಕೇ ಈ ಉದ್ದ ಬರಹ.

ಶುರುವಾದದ್ದು ಹೇಗೆ

ಎರಡನೇ ಮಹಾಯುದ್ಧ ಮುಗಿದ ಮೇಲೆ 1947ರಲ್ಲಿ 23 ದೇಶಗಳು ಸೇರಿ ಗ್ಯಾಟ್ ಅನ್ನೋ ವ್ಯಾಪಾರ ಒಪ್ಪಂದ ಮಾಡಿಕೊಂಡವು. ಆಮದು ಸುಂಕ ಕಡಿಮೆ ಮಾಡಿಕೊಂಡು ಪರಸ್ಪರ ವ್ಯಾಪಾರ ಮಾಡೋಣ ಅನ್ನೋದು ಉದ್ದೇಶ. ಭಾರತ ಮೊದಲ ದಿನದಿಂದಲೂ ಅದರಲ್ಲಿದೆ. ಆದರೆ ಸುಮಾರು ನಲವತ್ತು ವರ್ಷ ಈ ಗ್ಯಾಟ್ ನಮ್ಮ ಹೊಲದ ಬದುವಿನ ಹತ್ತಿರಕ್ಕೂ ಬರಲಿಲ್ಲ. ಅದು ಹೆಚ್ಚಾಗಿ ಕಾರ್ಖಾನೆ ಸಾಮಾನಿನ ವಿಷಯ. ಅಮೆರಿಕ, ಯುರೋಪಿನವರಿಗೇ ತಮ್ಮ ಬೇಸಾಯವನ್ನ ಅದರೊಳಕ್ಕೆ ತರೋದು ಬೇಕಿರಲಿಲ್ಲ.

1986ರಲ್ಲಿ ಉರುಗ್ವೆ ದೇಶದ ಪುಂಟಾ ಡೆಲ್ ಎಸ್ಟೆ ಊರಲ್ಲಿ ಹೊಸ ಸುತ್ತಿನ ಮಾತುಕತೆ ಶುರುವಾಯ್ತು. ಆಗ ಎರಡು ಹೊಸ ವಿಷಯ ಒಳಗೆ ಬಂದವು. ಒಂದು ಕೃಷಿ. ಇನ್ನೊಂದು ಪೇಟೆಂಟ್, ಅಂದರೆ ಬೌದ್ಧಿಕ ಆಸ್ತಿ. ಮಾತುಕತೆ ಐದು ವರ್ಷ ಎಳೆದಾಡಿತು. ಆಗ ಗ್ಯಾಟ್ ಮುಖ್ಯಸ್ಥರಾಗಿದ್ದ ಆರ್ಥರ್ ಡಂಕೆಲ್ 1991ರ ಡಿಸೆಂಬರಿನಲ್ಲಿ ಎಲ್ಲವನ್ನೂ ಸೇರಿಸಿ ಒಂದು ಕರಡು ಮುಂದಿಟ್ಟರು. ಅದೇ ಡಂಕೆಲ್ ಕರಡು.

ನಮ್ಮ ವಯಸ್ಸಿನವರಿಗೆ ಆ ಹೆಸರು ಮರೆಯೋದಿಲ್ಲ. ಹಸಿರು ಶಾಲು ಹೆಗಲಿಗೆ ಬಂದ ಪ್ರತಿ ಊರಲ್ಲೂ ಗೋಡೆ ಮೇಲೆ ಡಂಕೆಲ್‌ಗೆ ಧಿಕ್ಕಾರ ಇರ್ತಿತ್ತು. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ಆ ಕರಡನ್ನ ಓದಿ, ಅದರಲ್ಲಿ ಬೀಜದ ಬಗ್ಗೆ ಏನಿದೆ ಅಂತ ಸಭೆ ಸಭೆಯಲ್ಲಿ ಬಿಡಿಸಿ ಹೇಳಿದರು. 1992ರ ಡಿಸೆಂಬರಿನಲ್ಲಿ ರೈತ ಸಂಘದವರು ಬೆಂಗಳೂರಿನ ಕಾರ್ಗಿಲ್ ಸೀಡ್ಸ್ ಕಚೇರಿಗೆ ನುಗ್ಗಿ ಕಾಗದಪತ್ರ ಬೀದಿಗೆ ಹಾಕಿ ಸುಟ್ಟರು. 1993ರ ಜುಲೈನಲ್ಲಿ ಬಳ್ಳಾರಿ ಕಡೆ ಅದೇ ಕಂಪನಿ ಕಟ್ಟುತ್ತಿದ್ದ ಬೀಜ ಘಟಕವನ್ನ ಕೆಡವಿದರು. ಅದೇ ವರ್ಷ ಗಾಂಧಿ ಜಯಂತಿಯ ದಿನ ಬೆಂಗಳೂರಲ್ಲಿ ಬೀಜ ಸತ್ಯಾಗ್ರಹದ ಹೆಸರಲ್ಲಿ ಲಕ್ಷಗಟ್ಟಲೆ ರೈತರು ಸೇರಿದರು. ಕಚೇರಿ ಸುಟ್ಟದ್ದು ಸರಿಯೋ ತಪ್ಪೋ ಅಂತ ಆಗಲೂ ಜಗಳ ಇತ್ತು, ಈಗಲೂ ಇದೆ. ಆದರೆ ಬೀಜದ ಮೇಲೆ ಹಕ್ಕು ಯಾರದು ಅನ್ನೋ ಪ್ರಶ್ನೆ ದೆಹಲಿಗೆ ಕೇಳಿಸುವ ಹಾಗೆ ಮಾಡಿದವರಲ್ಲಿ ಕರ್ನಾಟಕದ ರೈತರು ಮುಂದಿದ್ದರು ಅನ್ನೋದರಲ್ಲಿ ಜಗಳ ಇಲ್ಲ.

ಆದರೂ ಸಹಿ ಆಯ್ತು. 1994ರ ಏಪ್ರಿಲ್ 15ರಂದು ಮೊರಾಕ್ಕೊ ದೇಶದ ಮರ್ರಾಕೇಶ್‌ನಲ್ಲಿ. 1995ರ ಜನವರಿ 1ಕ್ಕೆ ಡಬ್ಲ್ಯುಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆ, ಹುಟ್ಟಿತು.

ಹೊರಗಿನ ಒಪ್ಪಂದ ಒಳಗಿನ ಕಾನೂನು ಆಗೋದು ಹೇಗೆ

ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ.

ನಮ್ಮ ಸಂವಿಧಾನದಲ್ಲಿ ಕೃಷಿ ರಾಜ್ಯ ಪಟ್ಟಿಯಲ್ಲಿದೆ, 14ನೇ ನಮೂದು. ಅಂದರೆ ಬೇಸಾಯದ ಬಗ್ಗೆ ಕಾನೂನು ಮಾಡಬೇಕಾದ್ದು ವಿಧಾನಸೌಧ. ಆದರೆ ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಳ್ಳೋದು ಕೇಂದ್ರ ಸರ್ಕಾರದ ಕೆಲಸ. ಅದಕ್ಕೆ ಸಂಸತ್ತಿನಲ್ಲಿ ಮತ ಹಾಕಿಸಿ ಒಪ್ಪಿಗೆ ಪಡೀಬೇಕು ಅಂತಲೂ ಇಲ್ಲ. ಇನ್ನು 253ನೇ ವಿಧಿ ನೋಡಿ. ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ತರಲಿಕ್ಕೆ ಸಂಸತ್ತು ರಾಜ್ಯ ಪಟ್ಟಿಯ ವಿಷಯದ ಮೇಲೂ ಕಾನೂನು ಮಾಡಬಹುದು ಅಂತಿದೆ. ಹಾಗಾಗಿ ಜಿನೀವಾದಲ್ಲಿ ಒಂದು ಸಹಿ ಬಿದ್ದರೆ ರಾಜ್ಯದ ಕೈಲಿದ್ದ ವಿಷಯ ಕೇಂದ್ರದ ಕೈಗೆ ಹೋಗುವ ದಾರಿ ತೆರೆದುಕೊಳ್ಳುತ್ತೆ.

ಜೊತೆಗೆ ಡಬ್ಲ್ಯುಟಿಒ ಸ್ಥಾಪನಾ ಒಪ್ಪಂದದಲ್ಲೇ ಒಂದು ಮಾತಿದೆ: ಪ್ರತಿ ಸದಸ್ಯ ದೇಶ ತನ್ನ ಕಾನೂನು, ನಿಯಮ, ಆಡಳಿತದ ಪದ್ಧತಿ ಎಲ್ಲವನ್ನೂ ಒಪ್ಪಂದಕ್ಕೆ ಹೊಂದಿಸಿಕೊಳ್ಳಬೇಕು. ಹೊಂದಿಸಿಕೊಳ್ಳದಿದ್ದರೆ ಬೇರೆ ಸದಸ್ಯ ದೇಶ ದೂರು ಕೊಡಬಹುದು. ಸೋತವರು ಸರಿಪಡಿಸಿಕೊಳ್ಳಬೇಕು, ಇಲ್ಲವಾದರೆ ಗೆದ್ದ ದೇಶ ಸೋತ ದೇಶದ ಸಾಮಾನಿನ ಮೇಲೆ ಸುಂಕ ಏರಿಸಬಹುದು. ಪೊಲೀಸ್ ಬರೋದಿಲ್ಲ. ವ್ಯಾಪಾರದ ಏಟು ಬೀಳುತ್ತೆ.

ಯುರೋಪಿನಲ್ಲಿ ಇನ್ನೂ ಬಿಗಿ. 1957ರಲ್ಲಿ ಆರು ದೇಶ ಸೇರಿ ಕಟ್ಟಿಕೊಂಡ ಕೂಟದ ಕಾನೂನು ಸದಸ್ಯ ದೇಶದ ಕಾನೂನಿಗಿಂತ ಮೇಲು ಅಂತ 1964ರಲ್ಲೇ ಅವರ ನ್ಯಾಯಾಲಯ ಹೇಳಿಬಿಟ್ಟಿದೆ. 1984ರಲ್ಲಿ ಅಲ್ಲಿ ಹಾಲಿಗೆ ಕೋಟಾ ಬಂತು. ಕೋಟಾ ಮೀರಿ ಹಾಲು ಹಾಕಿದರೆ ದಂಡ. ಫ್ರಾನ್ಸ್, ಹಾಲೆಂಡಿನ ರೈತ 2015ರ ಮಾರ್ಚ್ ಕೊನೆಯವರೆಗೆ, 31 ವರ್ಷ, ಆ ಲೆಕ್ಕದಲ್ಲೇ ಹಸು ಕಟ್ಟಬೇಕಾಯ್ತು. ನಮ್ಮಲ್ಲಿ ಹಾಗಲ್ಲ. ಡಬ್ಲ್ಯುಟಿಒ ಒಪ್ಪಂದ ನೇರವಾಗಿ ನನ್ನ ಮೇಲೋ ನಿಮ್ಮ ಮೇಲೋ ಜಾರಿ ಆಗೋದಿಲ್ಲ. ನಡುವೆ ನಮ್ಮ ಸಂಸತ್ತು ಕಾನೂನು ಮಾಡಬೇಕು. ಈ ನಡುವಿನ ಜಾಗವೇ ನಮಗೆ ಮುಖ್ಯ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದಲ ಏಟು: ಪೇಟೆಂಟ್

ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲಿ ಔಷಧಿ, ಆಹಾರ, ಕೀಟನಾಶಕಗಳಿಗೆ ತಯಾರಿಸೋ ವಿಧಾನದ ಮೇಲೆ ಮಾತ್ರ ಪೇಟೆಂಟ್ ಸಿಗ್ತಿತ್ತು, ಪದಾರ್ಥದ ಮೇಲೆ ಇಲ್ಲ. ಅದಕ್ಕೇ ಒಂದೇ ಔಷಧಿಯನ್ನ ನಮ್ಮ ಹತ್ತಾರು ಕಂಪನಿ ಬೇರೆ ಬೇರೆ ವಿಧಾನದಲ್ಲಿ ಮಾಡಿ ಅಗ್ಗಕ್ಕೆ ಕೊಡ್ತಿದ್ದವು. ಹೊಸ ಒಪ್ಪಂದದ ಪ್ರಕಾರ ಪದಾರ್ಥಕ್ಕೂ ಪೇಟೆಂಟ್ ಕೊಡಬೇಕಾಯ್ತು. ನಮಗೆ 2005ರವರೆಗೆ ಗಡುವು ಇತ್ತು. ಆದರೆ ಅರ್ಜಿಗಳನ್ನ ಮಾತ್ರ 1995ರಿಂದಲೇ ತೆಗೆದುಕೊಂಡು ಕಾದಿಡಬೇಕಿತ್ತು.

ಸರ್ಕಾರ 1994ರ ಡಿಸೆಂಬರ್ 31ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದನ್ನ ಕಾಯ್ದೆ ಮಾಡಲಿಕ್ಕೆ ತಂದ ಮಸೂದೆ ಸಂಸತ್ತಿನಲ್ಲಿ ಪಾಸಾಗಲಿಲ್ಲ, ಬಿದ್ದುಹೋಯ್ತು. 1996ರಲ್ಲಿ ಅಮೆರಿಕ ದೂರು ಕೊಟ್ಟಿತು. 1997ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲೂ ಭಾರತ ಸೋತಿತು. 1999ರ ಏಪ್ರಿಲ್ ಗಡುವಿಗೆ ಸರಿಯಾಗಿ ಮಾರ್ಚಿನಲ್ಲಿ ಪೇಟೆಂಟ್ ತಿದ್ದುಪಡಿ ಪಾಸಾಯ್ತು. ನಮ್ಮ ಸಂಸತ್ತು ಪಾಸು ಮಾಡದ ಒಂದು ಮಸೂದೆ ಹೊರಗಿನ ತೀರ್ಪು ಬಂದ ಮೇಲೆ ಪಾಸಾಗಬೇಕಾಯ್ತು ಅನ್ನೋದು ಇಲ್ಲಿ ಗಮನಿಸಬೇಕಾದ್ದು.

ಆದರೆ 2002ರ ತಿದ್ದುಪಡಿಯಲ್ಲಿ ನಮ್ಮವರು ಇನ್ನೊಂದು ಸಾಲನ್ನೂ ಸೇರಿಸಿದರು. ಗಿಡ, ಪ್ರಾಣಿ, ಬೀಜ, ತಳಿ ಇವಕ್ಕೆ ಪೇಟೆಂಟ್ ಇಲ್ಲ ಅಂತ 3ನೇ ಕಲಮಿನಲ್ಲಿ ಬರೆದರು. ಒಪ್ಪಂದವೇ ಅಷ್ಟು ಸಂದು ಬಿಟ್ಟಿತ್ತು, ಅದನ್ನ ಬಳಸಿಕೊಂಡರು.

ಬೀಜದ ಕಾಯ್ದೆ

ಒಪ್ಪಂದದಲ್ಲಿ ಗಿಡಕ್ಕೆ ಪೇಟೆಂಟ್ ಕೊಡದೆ ಇರಬಹುದು, ಆದರೆ ಹೊಸ ತಳಿ ಮಾಡಿದವರಿಗೆ ಪೇಟೆಂಟಿನ ಮೂಲಕವೋ ಇಲ್ಲಾ ದೇಶ ತನ್ನದೇ ಆದ ಪರಿಣಾಮಕಾರಿ ವ್ಯವಸ್ಥೆಯ ಮೂಲಕವೋ ರಕ್ಷಣೆ ಕೊಡಲೇಬೇಕು ಅಂತಿತ್ತು. "ತನ್ನದೇ ಆದ" ಅನ್ನೋ ಆ ಎರಡು ಪದದಲ್ಲೇ ನಮ್ಮ ಬೀಜದ ಹಕ್ಕು ಉಳಿದುಕೊಂಡಿದ್ದು.

ಆಗ ತಯಾರಾಗಿ ಸಿಗ್ತಿದ್ದ ಮಾದರಿ ಅಂದರೆ ಯುಪಿಒವಿ. 1961ರಲ್ಲಿ ಯುರೋಪಿನವರು ತಳಿ ತಯಾರಕರಿಗಾಗಿ ಮಾಡಿಕೊಂಡ ಒಪ್ಪಂದ. ಅದರ 1991ರ ರೂಪ ತುಂಬಾ ಬಿಗಿ. ರೈತ ತನ್ನ ಹೊಲಕ್ಕೆ ಬೀಜ ಇಟ್ಟುಕೊಳ್ಳೋದಕ್ಕೆ ದೇಶ ಬೇಕಾದರೆ ಮಿತಿ ಹಾಕಿ ಅವಕಾಶ ಕೊಡಬಹುದು. ಪಕ್ಕದವರಿಗೆ ಬದಲಿ ಕೊಡೋದು, ಮಾರೋದು ಅದರಲ್ಲಿ ಸೇರಿಲ್ಲ. ನಮ್ಮಲ್ಲಿ ಹಾಗಾಗಿದ್ದರೆ ಹಿತ್ತಲಲ್ಲಿ ಮೊರಕ್ಕೆ ಮೊರ ಅಳೆದು ಬೀಜ ಕಡ ಕೊಡೋ ಅಜ್ಜಿಯರೂ ಕಟಕಟೆ ಹತ್ತಬೇಕಾಗ್ತಿತ್ತು.

1999ರ ಕೊನೆಗೆ ಸರ್ಕಾರ ಮಸೂದೆ ತಂದಾಗ ಅದರಲ್ಲಿ ರೈತರ ಹಕ್ಕು ಬಡವಾಗಿತ್ತು. ಮಸೂದೆ ಸಂಸತ್ತಿನ ಜಂಟಿ ಸಮಿತಿಗೆ ಹೋಯ್ತು. ಸಮಿತಿ ರೈತರ ಹಕ್ಕಿಗೇ ಒಂದು ಅಧ್ಯಾಯ ಸೇರಿಸಿ ಅದನ್ನ ಗಟ್ಟಿ ಮಾಡಿತು. 2001ರಲ್ಲಿ ಅದು ಪಾಸಾಯ್ತು. ಹತ್ತು ವರ್ಷ ಬೀದಿಯಲ್ಲಿ ಕೂಗಿದ್ದು ಆ ಅಧ್ಯಾಯದಲ್ಲಿ ಕಾಣುತ್ತೆ ಅಂತ ನನ್ನ ಅಭಿಪ್ರಾಯ. ಮಾರನೇ ವರ್ಷ ಭಾರತ ಯುಪಿಒವಿ ಸೇರಲಿಕ್ಕೆ ಅರ್ಜಿಯನ್ನೂ ಹಾಕಿತ್ತು, ಆದರೆ ಇವತ್ತಿಗೂ ಸದಸ್ಯ ಆಗಿಲ್ಲ.

ಈ ಕಾಯ್ದೆಯಲ್ಲಿ ನಮಗೆ ಏನೇನಿದೆ:

ಒಂದು, ಮೇಲೆ ಹೇಳಿದ ಹಾಗೆ ಇಡೋ, ಬಿತ್ತೋ, ಹಂಚೋ, ಮಾರೋ ಹಕ್ಕು.

ಎರಡು, ಕಂಪನಿ ನೋಂದಾಯಿತ ತಳಿಯ ಬೀಜ ಮಾರುವಾಗ ಇಂಥ ಪರಿಸ್ಥಿತಿಯಲ್ಲಿ ಇಷ್ಟು ಬೆಳೆ ಬರುತ್ತೆ ಅಂತ ತಿಳಿಸಬೇಕು. ಹಾಗೆ ಬರದಿದ್ದರೆ ರೈತ ತಳಿ ಪ್ರಾಧಿಕಾರದ ಮುಂದೆ ಪರಿಹಾರ ಕೇಳಬಹುದು.

ಮೂರು, ನಾವೇ ಕಾಪಾಡಿಕೊಂಡು ಬಂದ ತಳಿಯನ್ನ ನಮ್ಮ ಹೆಸರಲ್ಲಿ ನೋಂದಣಿ ಮಾಡಿಸಬಹುದು. ರೈತರಿಗೆ ಶುಲ್ಕ ಇಲ್ಲ.

ನಾಲ್ಕು, ಹಕ್ಕು ಇದೆ ಅಂತ ಗೊತ್ತಿಲ್ಲದೆ ರೈತ ಉಲ್ಲಂಘನೆ ಮಾಡಿದ್ದರೆ ಅದನ್ನ ಉಲ್ಲಂಘನೆ ಅಂತ ಹಿಡಿಯೋ ಹಾಗಿಲ್ಲ, 42ನೇ ಕಲಮು.

ಇದರ ಪರೀಕ್ಷೆ ಆದದ್ದು 2019ರಲ್ಲಿ, ಗುಜರಾತಿನಲ್ಲಿ. ಚಿಪ್ಸ್ ಆಲೂಗಡ್ಡೆಯ ಎಫ್ಎಲ್ 2027 ಅನ್ನೋ ತಳಿ ಪೆಪ್ಸಿಕೊ ಹೆಸರಲ್ಲಿ ನೋಂದಣಿ ಆಗಿತ್ತು. ಅದನ್ನ ಬೆಳೆದರು ಅಂತ ಸಾಬರಕಾಂಠಾ ಕಡೆಯ ನಾಲ್ವರು ಸಣ್ಣ ರೈತರ ಮೇಲೆ ತಲಾ 1 ಕೋಟಿಗೂ ಮೀರಿದ ಪರಿಹಾರ ಕೇಳಿ ಕಂಪನಿ ಅಹಮದಾಬಾದಿನಲ್ಲಿ ದಾವೆ ಹಾಕಿತು. ರೈತ ಸಂಘಟನೆಗಳು 39ನೇ ಕಲಮು ಹಿಡಿದು ಎದ್ದು ನಿಂತವು. ಮೇ ತಿಂಗಳಲ್ಲಿ ಕಂಪನಿ ದಾವೆ ಹಿಂದಕ್ಕೆ ಪಡೆಯಿತು. ಆಮೇಲೆ 2021ರಲ್ಲಿ ಪ್ರಾಧಿಕಾರ ಆ ತಳಿಯ ನೋಂದಣಿಯನ್ನೇ ರದ್ದು ಮಾಡಿತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನ ತಳ್ಳಿಹಾಕಿತು. ಅಂದರೆ ಕಂಪನಿಗೂ ತಳಿಯ ಹಕ್ಕು ಉಂಟು, ರೈತನ ಹಕ್ಕೂ ಕಾಯ್ದೆಯಲ್ಲಿ ಹಾಗೇ ಉಂಟು. ಎರಡೂ ಒಂದೇ ಪುಸ್ತಕದಲ್ಲಿವೆ, ಎಳೆದಾಟ ನಡೀತಾನೇ ಇರುತ್ತೆ.

ಎರಡು ಎಚ್ಚರಿಕೆ. ಹೈಬ್ರಿಡ್ ಬೀಜ ಇಟ್ಟು ಬಿತ್ತಿದರೆ ಬೆಳೆ ಒಡೆದು ಹೋಗುತ್ತೆ, ಅದು ಕಾನೂನಿನ ಮಾತಲ್ಲ, ಬೀಜದ ಗುಣ. ಇನ್ನು ಕಳೆನಾಶಕ ತಡೆಯುತ್ತೆ ಅಂತ ಕದ್ದು ಮಾರೋ ಹತ್ತಿ ಬೀಜ ಇದೆಯಲ್ಲ, ಅದಕ್ಕೆ ಸರ್ಕಾರದ ಅನುಮತಿಯೇ ಇಲ್ಲ. ಅದು ಪರಿಸರ ಸಂರಕ್ಷಣಾ ಕಾಯ್ದೆಗೆ ಬರುತ್ತೆ. 39ನೇ ಕಲಮು ಅಲ್ಲಿ ನಿಮ್ಮನ್ನ ಕಾಯೋದಿಲ್ಲ.

ಬೆಲೆ ಕಡೆ ಏನಾಯ್ತು

ಬೀಜದಲ್ಲಿ ನಾವು ಅಷ್ಟೋ ಇಷ್ಟೋ ಉಳಿಸಿಕೊಂಡೆವು. ಮಾರುಕಟ್ಟೆಯಲ್ಲಿ ಕತೆ ಬೇರೆ.

ವಿದೇಶಿ ವಿನಿಮಯದ ಕೊರತೆ ಇದೆ ಅನ್ನೋ ಕಾರಣ ಕೊಟ್ಟು ಭಾರತ ನೂರಾರು ಪದಾರ್ಥಗಳ ಆಮದಿಗೆ ಪರವಾನಗಿಯ ತಡೆ ಹಾಕಿತ್ತು. ಆ ಕಾರಣ ಈಗ ಇಲ್ಲ ಅಂತ ಅಮೆರಿಕ ದೂರು ಕೊಟ್ಟಿತು. 1999ರಲ್ಲಿ ಭಾರತ ಸೋತಿತು. ಉಳಿದಿದ್ದ 1,429 ಪದಾರ್ಥಗಳ ತಡೆಯನ್ನ ಎರಡು ಕಂತಿನಲ್ಲಿ, 2000 ಮತ್ತು 2001ರ ಏಪ್ರಿಲ್ 1ಕ್ಕೆ ತೆಗೆಯಬೇಕಾಯ್ತು. ಆಮೇಲೆ ನಮಗೆ ಉಳಿದ ಬೇಲಿ ಸುಂಕ ಒಂದೇ.

ಆ ಬೇಲಿ ಎಷ್ಟು ಎತ್ತರ ಕಟ್ಟಬಹುದು ಅಂತಲೂ ಒಪ್ಪಂದದಲ್ಲಿ ಬರೆದಿದೆ. ಅಕ್ಕಿ, ಮೆಕ್ಕೆಜೋಳ, ಹಾಲಿನ ಪುಡಿಗೆ ಹಿಂದೆ ಯಾವಾಗಲೋ ನಮ್ಮವರು ಸೊನ್ನೆ ಸುಂಕ ಅಂತ ಒಪ್ಪಿದ್ದರು. ತಡೆ ಹೋಗೋ ಹೊತ್ತಿಗೆ ಮತ್ತೆ ಮಾತುಕತೆ ಮಾಡಿ ಅದನ್ನ ಶೇ 60ರಿಂದ 80ರ ಮಟ್ಟಕ್ಕೆ ಏರಿಸಿಕೊಂಡರು. ಅದು ಆಗದೇ ಇದ್ದಿದ್ದರೆ ನಮ್ಮ ಡೇರಿಗಳ ಗತಿ ಏನಾಗ್ತಿತ್ತೋ ಯೋಚನೆ ಮಾಡಿ.

ಎಣ್ಣೆಯ ಕತೆ ಇದಕ್ಕೆ ಉಲ್ಟಾ. ತಾಳೆ ಎಣ್ಣೆ ಮೇಲೆ ಶೇ 300ರವರೆಗೆ ಸುಂಕ ಹಾಕೋ ಅಧಿಕಾರ ಒಪ್ಪಂದದಲ್ಲೇ ಇದೆ. ಆದರೆ 2008ರ ಏಪ್ರಿಲ್‌ನಲ್ಲಿ ಬೆಲೆ ಏರಿಕೆ ತಡೆಯಲಿಕ್ಕೆ ಅಂತ ಕಚ್ಚಾ ತಾಳೆ ಎಣ್ಣೆಯ ಸುಂಕವನ್ನ ಸೊನ್ನೆ ಮಾಡಿದ್ದು ದೆಹಲಿಯೇ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು ಅಂತ ಹೆಸರಾಗಿತ್ತು, ಸುತ್ತ ಕಡಲೆಕಾಯಿ ಬೆಳೆಯೋರು ಅದನ್ನೇ ನಂಬಿದ್ದರು. ಅಗ್ಗದ ತಾಳೆ ಎಣ್ಣೆ ಬಂದಾಗ ಅವರಿಗೆ ಬಿದ್ದ ಏಟಿಗೆ ಜಿನೀವಾ ಒಂದನ್ನೇ ಬೈದರೆ ಆಗೋದಿಲ್ಲ. ಇದ್ದ ಬೇಲಿಯನ್ನ ನಮ್ಮ ಸರ್ಕಾರವೇ ಇಳಿಸಿತ್ತು.

ಬೆಂಬಲ ಬೆಲೆ ವಿಷಯದಲ್ಲಿ ಮಾತ್ರ ಒಪ್ಪಂದದ ಲೆಕ್ಕವೇ ವಕ್ರ. ಒಂದು ಬೆಳೆಗೆ ಕೊಡೋ ಬೆಂಬಲ ಆ ಬೆಳೆಯ ಒಟ್ಟು ಮೌಲ್ಯದ ಶೇ 10 ಮೀರಬಾರದು. ಆ ಬೆಂಬಲವನ್ನ ಅಳೆಯೋದು ಹೇಗೆ? ಇವತ್ತಿನ ಬೆಂಬಲ ಬೆಲೆಯನ್ನ 1986-88ರ ಅಂತರರಾಷ್ಟ್ರೀಯ ಬೆಲೆಯ ಜೊತೆ ಹೋಲಿಸಿ. ಗೊಬ್ಬರ, ಕೂಲಿ, ಡೀಸೆಲ್ ಎಲ್ಲ ಇವತ್ತಿನ ದರದಲ್ಲಿ, ಅಳತೆಗೋಲು ಮಾತ್ರ ಮೂವತ್ತೈದು ವರ್ಷ ಹಳೇದು. ಸಹಜವಾಗಿ ಮಿತಿ ಮೀರುತ್ತೆ. 2018-19ರಲ್ಲಿ ನಮ್ಮ ಅಕ್ಕಿಯ ಲೆಕ್ಕ ಶೇ 11.46 ಆಯ್ತು. ಆದರೂ ಕೇಸು ಬೀಳಲಿಲ್ಲ, ಯಾಕಂದರೆ 2013ರಲ್ಲಿ ಬಾಲಿಯಲ್ಲಿ ಭಾರತ ಹಟ ಹಿಡಿದು ಒಂದು ರಕ್ಷಣೆ ಪಡೆದಿತ್ತು. ಪಡಿತರಕ್ಕೆ ದಾಸ್ತಾನು ಮಾಡೋ ಆಹಾರ ಧಾನ್ಯದ ಮೇಲೆ ಶಾಶ್ವತ ಪರಿಹಾರ ಸಿಗೋವರೆಗೆ ಯಾರೂ ದೂರು ಕೊಡಬಾರದು ಅಂತ. ಆದರೆ ಅದು ಆಗ ಜಾರಿಯಲ್ಲಿದ್ದ ಯೋಜನೆಗಳಿಗೆ ಮಾತ್ರ. ಶಾಶ್ವತ ಪರಿಹಾರ ಇನ್ನೂ ಬಂದಿಲ್ಲ.

ಕಬ್ಬಿನೋರು ಇದನ್ನ ಗಮನವಿಟ್ಟು ನೋಡಿ. 2019ರಲ್ಲಿ ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಸೇರಿ ನಮ್ಮ ಎಫ್ಆರ್‌ಪಿ ಮೇಲೆ ದೂರು ಕೊಟ್ಟವು. ಆ ದುಡ್ಡು ಸರ್ಕಾರ ಕೊಡೋದಲ್ಲ, ಕಾರ್ಖಾನೆ ಕೊಡೋದು ಅಂತ ಭಾರತ ವಾದ ಮಾಡಿತು. ಸರ್ಕಾರ ಬೆಲೆ ನಿಗದಿ ಮಾಡಿದ ಮೇಲೆ ಅದು ಬೆಂಬಲವೇ ಅಂತ ತೀರ್ಪುಗಾರರು ಒಪ್ಪಲಿಲ್ಲ. 2014-15ರಿಂದ 2018-19ರವರೆಗೆ ಐದು ಹಂಗಾಮಲ್ಲೂ ಮಿತಿ ಮೀರಿದೆ ಅಂತ 2021ರ ಡಿಸೆಂಬರಿನಲ್ಲಿ ತೀರ್ಪು ಬಂತು. ಭಾರತ ಮೇಲ್ಮನವಿ ಹಾಕಿದೆ. ತಮಾಷೆ ಏನಂದರೆ ಮೇಲ್ಮನವಿ ಕೇಳೋ ಪೀಠವೇ ಅಲ್ಲಿ ಇಲ್ಲ. ಹೊಸ ಸದಸ್ಯರ ನೇಮಕಕ್ಕೆ ಅಮೆರಿಕ ಅಡ್ಡ ಹಾಕಿದ್ದರಿಂದ 2019ರ ಡಿಸೆಂಬರಿನಿಂದ ಪೀಠ ನಿಂತುಹೋಗಿದೆ. ಯಾವ ಪೀಠ ತೋರಿಸಿ 1997ರಲ್ಲಿ ನಮ್ಮನ್ನ ಮಣಿಸಿದರೋ ಅದನ್ನ ಅವರೇ ಮುಚ್ಚಿ ಕೂತಿದಾರೆ. ಸದ್ಯಕ್ಕೆ ಕಬ್ಬಿನ ತೀರ್ಪು ಜಾರಿ ಆಗದೆ ನಿಂತಿದೆ, ರದ್ದಾಗಿಲ್ಲ.

ಹೊರಗೆ ಬಂದುಬಿಡೋದಾ?

2024ರ ಫೆಬ್ರವರಿಯಲ್ಲಿ ಉತ್ತರದ ರೈತರು ಎಂಎಸ್‌ಪಿಗೆ ಕಾನೂನಿನ ಖಾತ್ರಿ ಕೇಳಿ ಹೊರಟಾಗ ಭಾರತ ಡಬ್ಲ್ಯುಟಿಒ ಬಿಡಬೇಕು ಅಂತಲೂ ಕೂಗಿದರು. ಮೇಲಿನ ಬೆಂಬಲ ಬೆಲೆ ಲೆಕ್ಕ ನೋಡಿದರೆ ಅವರ ಸಿಟ್ಟು ಅರ್ಥವಾಗುತ್ತೆ. ಆದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ಹೆಚ್ಚಿನಂಶ ಹೊರದೇಶಕ್ಕೆ ಹೋಗೋದು. ನಾವು ಹೊರಗೆ ಬಂದರೆ ಬೇರೆ ದೇಶದವರು ನಮ್ಮ ಸಾಮಾನಿಗೆ ಎಷ್ಟು ಬೇಕಾದರೂ ಸುಂಕ ಹಾಕಬಹುದು. ಒಂದೇ ತಾಲ್ಲೂಕಲ್ಲಿ ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ನಾನು ಬಿಡೋ ಪರ ಅಲ್ಲ. ಒಳಗಿದ್ದು ಜಗಳ ಮಾಡೋ ಪರ.

ಯಾಕಂದರೆ ಮೂವತ್ತು ವರ್ಷದ ಲೆಕ್ಕ ನೋಡಿದರೆ ನನಗೆ ಕಾಣೋದು ಇಷ್ಟು. ಪೇಟೆಂಟ್ ವಿಷಯದಲ್ಲಿ ಹೊರಗಿನವರು ಗಡುವು ಹಾಕಿದರು, ನಾವು ಕಾನೂನು ಬದಲಾಯಿಸಿದೆವು. ಬೀಜದ ವಿಷಯದಲ್ಲೂ ಗಡುವು ಹಾಕಿದರು, ಆದರೆ ಕಾನೂನಿನ ಒಳಗೆ ಏನಿರಬೇಕು ಅನ್ನೋದನ್ನ ನಮ್ಮ ಬೀದಿ, ನಮ್ಮ ಸಂಸತ್ತು ತೀರ್ಮಾನಿಸಿತು. ಎಣ್ಣೆ ವಿಷಯದಲ್ಲಿ ಹೊರಗಿನವರು ಜಾಗ ಬಿಟ್ಟಿದ್ದರೂ ನಾವೇ ಬಳಸಲಿಲ್ಲ. ಎಲ್ಲದಕ್ಕೂ ಡಬ್ಲ್ಯುಟಿಒ ಕಡೆ ಬೆರಳು ತೋರಿಸಿದರೆ ನಮ್ಮ ಎಂಪಿಗಳು ಸುಲಭವಾಗಿ ತಪ್ಪಿಸಿಕೊಳ್ಳುತ್ತಾರೆ.

ಈಗ ಒತ್ತಡ ಬೇರೆ ಬಾಗಿಲಿಂದ ಬರ್ತಾ ಇದೆ. ಎರಡೆರಡು ದೇಶಗಳ ನಡುವಿನ ವ್ಯಾಪಾರ ಒಪ್ಪಂದಗಳಲ್ಲಿ ಶ್ರೀಮಂತ ದೇಶಗಳು ಯುಪಿಒವಿ ಸೇರಿ ಅಂತ ಕೇಳೋದು ಪ್ರಪಂಚದಲ್ಲೆಲ್ಲ ನಡೆದಿದೆ. ಇಲ್ಲಿ 1966ರ ಬೀಜ ಕಾಯ್ದೆ ಬದಲಾಯಿಸೋ ಹೊಸ ಮಸೂದೆಯೂ 2004ರಿಂದ ಬರ್ತಾ ಹೋಗ್ತಾ ಇದೆ. 1966ರ ಕಾಯ್ದೆಯ 24ನೇ ಕಲಮಿನಲ್ಲೂ ರೈತ ತಾನು ಬೆಳೆದ ಬೀಜವನ್ನ ತನ್ನ ಜಾಗದಲ್ಲೇ ಇನ್ನೊಬ್ಬ ರೈತನಿಗೆ ಬಿತ್ತನೆಗೆ ಕೊಟ್ಟರೆ ಕಾಯ್ದೆ ತಟ್ಟೋದಿಲ್ಲ ಅಂತಿದೆ. ಹೊಸ ಮಸೂದೆ ಯಾವಾಗ ಬಂದರೂ ಈ ಎರಡು ಸಾಲು, 24 ಮತ್ತು 39, ಹಾಗೇ ಇವೆಯಾ ಅಂತ ಮೊದಲು ನೋಡಬೇಕು.

ನಮ್ಮ ಕೈಲಿ ಈಗಲೇ ಆಗೋ ಕೆಲಸ ಮೂರು. ಅಂಗಡಿಯಲ್ಲಿ ಬೀಜ ತಗೊಂಡಾಗ ಬಿಲ್ಲು, ಚೀಲದ ಟ್ಯಾಗು, ಒಂದು ಹಿಡಿ ಬೀಜ ತೆಗೆದಿಡಿ, ಪರಿಹಾರ ಕೇಳಲಿಕ್ಕೆ ಅದೇ ಆಧಾರ. ಹಳೇ ರಾಗಿ, ಭತ್ತ, ಅವರೆ ತಳಿ ಯಾರ ಮನೇಲಿದೆಯೋ ಅವರು ಕೃಷಿ ವಿಜ್ಞಾನ ಕೇಂದ್ರದಲ್ಲಿ ನೋಂದಣಿ ಬಗ್ಗೆ ವಿಚಾರಿಸಿ. ಮೂರನೇದು, ಕೊಡೋ ತಗೊಳ್ಳೋದನ್ನ ನಿಲ್ಲಿಸಬೇಡಿ. ಬಳಸದ ಹಕ್ಕನ್ನ ಮುಂದಿನ ಮಸೂದೆಯಲ್ಲಿ ತೆಗೆದು ಹಾಕಿದರೆ ಕೇಳೋರು ಇರೋದಿಲ್ಲ.

ಕೇಸಿನ ಹೆದರಿಕೆಯಿಂದ ಬೀಜ ಕೊಡಲ್ಲ ಅಂದಿದ್ದವರಿಗೆ ಇದನ್ನ ಕಳಿಸಿ. ಅನುಮಾನ ಇದ್ದರೆ ಕೆಳಗೆ ಬರೀರಿ, ಗೊತ್ತಿದ್ದಷ್ಟು ಹೇಳ್ತೀನಿ.